ಬೆತ್ತ ನೆನೆಸುವ ಬಕೆಟ್ಟು

ಇಲ್ಲಿ ಮೊದಲು ಮೀನಿಗೆ ಹೊಗೆ ಕೊಡುತ್ತಿದ್ದರಂತೆ.
ಗೋಡೆ ಇನ್ನೂ ಮರೆತಿಲ್ಲ. ಬಿಸಿಲು ಬಿದ್ದ ದಿನ
(ಗ್ರಿಮ್ಸ್‌ಬಿಯಲ್ಲಿ ಅದು ವಾರಕ್ಕೊಂದು ಸಲ)
ಇಟ್ಟಿಗೆಯೊಳಗಿಂದ ಹ್ಯಾಡಕ್ ಮೀನಿನ ವಾಸನೆ ಏಳುತ್ತದೆ.
ಮೊಟ್ಟೆ ಕೂಡ ಮುಟ್ಟದ ನಾನು
ಮೂಗು ಮುಚ್ಚದೆ ಕೂತಿದ್ದೇನೆ.
ಕೂತಿದ್ದೇನೆ ಎನ್ನುವುದೇ ದೊಡ್ಡ ಮಾತು.

ಹೋದ ವರ್ಷ ಕೂರಲಾಗುತ್ತಿರಲಿಲ್ಲ.
ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ
ಇಪ್ಪತ್ತೆಂಟು ಮಾತ್ರೆ ಎಣಿಸಿ, ಮತ್ತೆ ಎಣಿಸಿ,
ಮತ್ತೆ. ಸಾಲು ಬಾಗಿಲ ತನಕ ಬೆಳೆಯುತ್ತಿತ್ತು.
ಇಪ್ಪತ್ತೆಂಟೇ ಇರುತ್ತಿತ್ತು, ಪ್ರತಿ ಸಲವೂ.
ಅದೇ ಭಯ.

ಏನಾಗಿತ್ತು ಅಂತ ಗ್ಲೆನಿಸ್ ಕೇಳಲಿಲ್ಲ.
ಸೀಟು ಹರಿದ ಕುರ್ಚಿಯೊಂದನ್ನು ಮುಂದಿಟ್ಟು
‘ಚೌಕಟ್ಟಿನ ತೂತು ಎಣಿಸು, ನಡುವಿನದು ಹುಡುಕು’ ಅಂದಳು.
ಎಣಿಸಿದೆ. ಮತ್ತೆ ಎಣಿಸಿದೆ.
‘ಎರಡು ಸಲ ಎಣಿಸುವವರೇ ನಮಗೆ ಬೇಕು.
ಮೂರನೇ ಸಲ ಎಣಿಸಿದರೆ ಮಾತ್ರ
ಎದ್ದು ಎಲ್ಲರಿಗೂ ಚಹಾ ಮಾಡಬೇಕು.’
ಮೊದಲ ವಾರ ಹದಿನೇಳು ಸಲ ಚಹಾ ಮಾಡಿದೆ.

ನನಗೆ ಗೊತ್ತಿದ್ದ ಬೆತ್ತ ಬೇರೆ.
ಹೊಸದುರ್ಗದ ಶಾಲೆಯಲ್ಲಿ ಗಣಿತದ ಮೇಷ್ಟ್ರ ಮೇಜಿನ ಮೇಲೆ
ಎಣ್ಣೆ ಸವರಿಸಿಕೊಂಡು ಮಲಗಿರುತ್ತಿತ್ತು.
ಅದನ್ನೇ ಸೀಳಿ, ಎಳೆ ತೆಗೆದು, ಬಕೆಟ್ಟಿನಲ್ಲಿ
ಅರ್ಧ ಗಂಟೆ ನೆನೆಸಿದರೆ
ಬಾಳೆನಾರಿನಷ್ಟು ಮೆತ್ತಗಾಗುತ್ತದೆ ಎಂದು
ಯಾರೂ ಹೇಳಿರಲಿಲ್ಲ.

ಉದ್ದಕ್ಕೊಂದು, ಅಡ್ಡಕ್ಕೊಂದು,
ಮತ್ತೆ ಉದ್ದ, ಮತ್ತೆ ಅಡ್ಡ, ಆಮೇಲೆ ಮೂಲೆಯಿಂದ ಮೂಲೆಗೆ.
ಹೊಳಪು ಮೇಲೇ ಬರಬೇಕು. ಎಳೆ ಜಾರದ ಹಾಗೆ
ಗಾಲ್ಫ್ ಆಡುವವರು ಚೆಂಡಿನ ಕೆಳಗಿಡುವ ಮರದ ಮೊಳೆ ಸಿಕ್ಕಿಸುತ್ತೇವೆ.
ಆ ಆಟದಿಂದ ನಮಗಾದ ಉಪಯೋಗ ಇಷ್ಟು.

ಪಕ್ಕದ ಕುರ್ಚಿ ಡೀನ್ ಆಸ್ಗರ್ಬಿಯದು.
ಮೀನಿನ ಶೀತಲ ಗೋದಾಮಿನಲ್ಲಿ ಹನ್ನೊಂದು ವರ್ಷ ಇದ್ದವನು.
ಅವನಿಗೆ ದನಿಗಳು ಕೇಳುತ್ತವೆ.
‘ಇವತ್ತು ಏನಂತೆ?’ ಅಂದರೆ
‘ನಿನ್ನ ಮೂಲೆ ಸೊಟ್ಟ ಅನ್ನುತ್ತಿವೆ.’
ನೋಡಿದರೆ, ಸೊಟ್ಟವೇ.

ನವೆಂಬರಿನಲ್ಲಿ ಮೂರು ವಾರ ಡೀನ್ ಬರಲಿಲ್ಲ.
ಒಬ್ಬರ ಕುರ್ಚಿ ಇನ್ನೊಬ್ಬರು ಮುಟ್ಟಬಾರದು, ಇಲ್ಲಿನ ಕಟ್ಟಳೆ.
ದಿನಾ ಬೆಳಿಗ್ಗೆ ಅವನ ಅರ್ಧ ಹೆಣೆದ ಸೀಟಿಗೆ
ಜ್ವರದ ಹಣೆಗೆ ಹಾಕುವಂತೆ ಒದ್ದೆ ಬಟ್ಟೆ ಹಾಕುತ್ತಿದ್ದಳು ಗ್ಲೆನಿಸ್.
ಸಂಜೆ ತೆಗೆದು ಹಿಂಡುತ್ತಿದ್ದಳು.
‘ದುಡ್ಡು ಮಾರ್ಚಿನವರೆಗೆ ಇದೆ’ ಅಂದಳು ಒಮ್ಮೆ,
ಯಾರೂ ಕೇಳದಿದ್ದಾಗ.

ಲೌತ್ ಊರಿನ ಹಳೇ ಪೀಠೋಪಕರಣದ ಅಂಗಡಿಯಿಂದ ಅರ್ಜಿ ಬಂತು:
ವಾರಕ್ಕೆರಡು ದಿನ, ಲೆಕ್ಕದ ಸಂಬಳ.
ಅದರಲ್ಲೊಂದು ಖಾನೆ. ಹದಿನಾಲ್ಕು ತಿಂಗಳು ಖಾಲಿ, ಯಾಕೆ?
ಪೆನ್ನು ಅಲ್ಲೇ ನಿಂತಿತು.
ನಮ್ಮ ಕಡೆ ಇದಕ್ಕಿರುವ ಮಾತೆಲ್ಲ ತಲೆಯದೇ:
ತಲೆ ಕೆಟ್ಟಿದೆ, ತಲೆ ನೆಟ್ಟಗಿಲ್ಲ, ತಲೆ ಸರಿಯಿದ್ದವರು ಹೀಗೆ ಮಾಡುತ್ತಾರಾ.
ಕೈ ಏನು ಮಾಡುತ್ತಿತ್ತು ಅಂತ ಕೇಳುವ ಮಾತು ಒಂದೂ ಇಲ್ಲ.

ಅವತ್ತೇ ಡೀನ್ ಬಂದ, ಗಡ್ಡ ಬಿಟ್ಟುಕೊಂಡು.
ಯಾರನ್ನೂ ನೋಡದೆ ಬಟ್ಟೆ ಎತ್ತಿದ,
ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.
ಮುಕ್ಕಾಲು ಪಾಲು ತೂತೇ.
ಮುಗಿಸಿದ ಮೇಲೂ ಮುಕ್ಕಾಲು ಪಾಲು ತೂತೇ ಇರುತ್ತದೆ,
ಅದರ ಮೇಲೆ ಗ್ಲೆನಿಸ್ ಮೈಭಾರವೆಲ್ಲ ಬಿಟ್ಟು
ಧೊಪ್ಪನೆ ಕೂತು ಪರೀಕ್ಷೆ ಮಾಡುತ್ತಾಳೆ.
ಇದುವರೆಗೆ ಒಂದೂ ಕೈಬಿಟ್ಟಿಲ್ಲ.

ಖಾನೆಯಲ್ಲಿ ಬರೆದೆ: ಎಣಿಸುತ್ತಿದ್ದೆ.
ಹೊಡೆದುಹಾಕಿ ಮತ್ತೆ ಅದನ್ನೇ ಬರೆದೆ.
ಮೂರನೇ ಸಲ ಬರೆಯುವ ಮೊದಲು
ಎದ್ದು ನೀರು ಕಾಯಲಿಟ್ಟೆ.
ಐದು ಕಪ್ಪು. ಡೀನ್ ತಗೊಂಡ, ಒಂದು ಗುಟುಕು ಕುಡಿದ.
‘ಏನಂತೆ?’ ಅಂದೆ.
‘ಸಕ್ಕರೆ ಕಮ್ಮಿಯಂತೆ.’